ಒಂದೇ ಟ್ಯಾಂಕಿನಲ್ಲಿ ಊರು

ನಮ್ಮ ಹಳೆಯ ಡೀಸೆಲ್ ಗಾಡಿಯ ಮುಂದಿನ ಎಡಗಡೆ ಸೀಟು ಅಪ್ಪನದು. ಯಾರೂ ಹಾಗೆಂದು ಗೊತ್ತುಮಾಡಿರಲಿಲ್ಲ. ಅವರ ಕಣ್ಣಿನ ಆಪರೇಷನ್ ಆದ ಮೇಲೆ ಸ್ಟಿಯರಿಂಗ್ ಅಕ್ಕನ ಕೈಗೆ ಹೋಯಿತು. ಅಪ್ಪ ಒಂದು ಬೆಳಿಗ್ಗೆ ಗಾಡಿಯ ಮೂತಿಯನ್ನು ಸುತ್ತಿಕೊಂಡು ಬಂದು ಆ ಕಡೆಯ ಬಾಗಿಲು ತೆರೆದು ಕುಳಿತರು, ಅಷ್ಟೆ. ಅಂದಿನಿಂದ ವಾರಕ್ಕೆ ಆರು ದಿನ, ಡೊಂಬಿವಲಿಯಿಂದ ರಬಾಳೆಗೆ ಹೋಗುವ ಊಟದ ಜೊತೆ ಅವರೂ ಹೋಗುತ್ತಿದ್ದರು.

ಊಟ ಅಕ್ಕನದು. ನಮ್ಮ ಫ್ಲಾಟುಗಳ ಸೊಸೈಟಿಯ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಒಂದು ದೊಡ್ಡ ಕೋಣೆ ಹಿಡಿದು, ಇಬ್ಬರು ಹೆಂಗಸರನ್ನು ಇಟ್ಟುಕೊಂಡು ಅವಳು ಅಡುಗೆ ಮಾಡಿಸುತ್ತಾಳೆ. ಅನ್ನ, ಸಾಂಬಾರು, ಒಂದು ಪಲ್ಯ, ಚಪಾತಿ, ಮಜ್ಜಿಗೆ. ಅದು ರಬಾಳೆಯ ಒಂದು ಕಾರ್ಖಾನೆಯ ಗೇಟನ್ನು ಹನ್ನೆರಡೂವರೆಯೊಳಗೆ ಮುಟ್ಟಬೇಕು. ತಡವಾದರೆ ಕೆಲಸಗಾರರ ಊಟದ ಪಾಳಿ ತಪ್ಪುತ್ತದೆ. ಎರಡು ಸಲ ತಪ್ಪಿದರೆ ಊಟದ ಗುತ್ತಿಗೆಯೇ ಇನ್ನೊಬ್ಬರಿಗೆ. ಅಪ್ಪ ಥಾಣೆಯ ಹೋಟೆಲೊಂದರ ಗಲ್ಲಾದ ಮೇಲೆ ಆಯುಷ್ಯ ಕಳೆದವರು. ಅಮ್ಮ ಹೋದ ಮೇಲೆ ಅವರಿಗೆ ಉಳಿದಿದ್ದ ಹೋಟೆಲೆಂದರೆ ಈ ಗಾಡಿ.

ದಾರಿಯಲ್ಲಿ ಅವರು ಪಂಪುಗಳ ದರದ ಬೋರ್ಡು ಓದುತ್ತಿದ್ದರು. ಕಲ್ಯಾಣ-ಶೀಳ್ ರಸ್ತೆಯಲ್ಲಿ ಮೆಟ್ರೊ ಕಂಬಗಳ ನಡುವೆ ಗಾಡಿ ತೆವಳುವಾಗ, ಶೀಳ್ ಫಾಟಾದ ಕೂಡುರಸ್ತೆಯಲ್ಲಿ ನಿಂತೇ ಬಿಟ್ಟಾಗ, ಮಹಾಪೆಯ ಕಡೆಗೆ ಗುಡ್ಡ ಹತ್ತುವಾಗ. ಪೆಟ್ರೋಲ್ ಇಷ್ಟು, ಡೀಸೆಲ್ ಇಷ್ಟು, ಗ್ಯಾಸ್ ಇಷ್ಟು. ನಿನ್ನೆಯದೇ ದರವಾದರೂ ಓದಬೇಕು. ಶನಿವಾರ ನನಗೆ ಕಾಲೇಜಿನಲ್ಲಿ ಪಾಠವಿಲ್ಲ. ಮಧ್ಯದ ಸೀಟಿನಲ್ಲಿ ಚಪಾತಿ ಡಬ್ಬಗಳಿಗೆ ಒರಗಿಕೊಂಡು ನಾನೂ ಹೋಗುತ್ತಿದ್ದೆ. ಬಿಸಿ ಚಪಾತಿಯ ಶಾಖ ಬೆನ್ನಿಗೆ, ಬಲಗಡೆ ದೂರದಲ್ಲಿ ಧೂಳಿನಲ್ಲೋ ಮಂಜಿನಲ್ಲೋ ಅರ್ಧ ಅಳಿಸಿಹೋದ ಮುಂಬ್ರಾದ ಬೆಟ್ಟ, ಮುಂದಿನಿಂದ ಅಪ್ಪನ ಏಕಧ್ವನಿ. ನಾನು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇರುತ್ತಿದ್ದೆ. ಬೆಟ್ಟ ನಿಜಕ್ಕೂ ಬಲಗಡೆ ಕಾಣುತ್ತಿತ್ತೇ? ಬರೆಯುವಾಗ ಸಂಶಯ ಬರುತ್ತಿದೆ. ಮತ್ತೆ ಆ ದಾರಿಯಲ್ಲಿ ಹೋದಾಗ ನೋಡಬೇಕು.

ಕಾರ್ಖಾನೆಯ ಗೇಟಿನಲ್ಲಿ ಕಲಬುರಗಿ ಕಡೆಯ ಒಬ್ಬ ವಾಚ್‌ಮನ್ ಇದ್ದಾನೆ. ಗಾಡಿ ಕಂಡ ಕೂಡಲೇ ಅವನು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆಯುತ್ತಿದ್ದ.

"ಬರ್ರಿ ಅಜ್ಜಾರ, ಕುಂದರ್ರಿ. ಇವತ್ತ ಸಾಂಬಾರ ಹೆಂಗೈತಿ?"

"ನುಗ್ಗೆಕಾಯಿಯದ್ದು. ನಿನ್ನೆಗಿಂತ ಹುಳಿ ಕಡಿಮೆ ಉಂಟು," ಎಂದು ಅಪ್ಪ ಹೋಟೆಲ್ ಮಾಲೀಕನ ಗತ್ತಿನಲ್ಲಿ ಹೇಳುತ್ತಿದ್ದರು. ಟೋಪುಗಳು, ಅಂದರೆ ಆ ದೊಡ್ಡ ಅಡುಗೆ ಪಾತ್ರೆಗಳು, ಒಳಗೆ ಹೋಗಿ ಖಾಲಿಯಾಗಿ ಬರುವವರೆಗೆ ಒಂದೂವರೆ ಗಂಟೆ ಅವರಿಬ್ಬರೂ ಮಾತಾಡುತ್ತಿದ್ದರು. ವಾಚ್‌ಮನ್‌ಗೆ ಗಾಡಿಗಳ ಹುಚ್ಚು. ಅವನಿಗೆ ಅಪ್ಪ ಎಷ್ಟೋ ಸಲ ಹೇಳಿದ ಕಥೆ ಒಂದಿತ್ತು. ಒಂದೇ ಟ್ಯಾಂಕಿನಲ್ಲಿ ಊರು.

ಕಥೆ ಇಷ್ಟೇ. ಈ ಗಾಡಿ ಕೊಂಡು ಎರಡು ಮೂರು ವರ್ಷವಾಗಿತ್ತು. ನಸುಕಿನಲ್ಲಿ ಡೊಂಬಿವಲಿಯ ಪಂಪಿನಲ್ಲಿ ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಅಮ್ಮ, ಅಕ್ಕ, ಅವಳ ಪುಟ್ಟ ಮಗಳು ಮತ್ತು ನನ್ನನ್ನು ಕೂರಿಸಿಕೊಂಡು ಅಪ್ಪ ಉಡುಪಿಗೆ ಹೊರಟರು. ದಾರಿಯಲ್ಲಿ ಒಂದು ಹನಿ ಹಾಕಿಸಲಿಲ್ಲ. ಮನೆಯಂಗಳದಲ್ಲಿ ಗಾಡಿ ನಿಂತಾಗ ಮುಳ್ಳು ಇನ್ನೂ ಕೆಂಪಿಗೆ ಇಳಿದಿರಲಿಲ್ಲ. ಒಂಬೈನೂರು ಕಿಲೋಮೀಟರ್ ಹತ್ತಿರ. "ಇಂಜಿನ್ ಅಂದ್ರೆ ಡೀಸೆಲ್ ಇಂಜಿನ್. ಉಳಿದದ್ದೆಲ್ಲ ಹೊಲಿಗೆ ಮಿಷನ್," ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು.

ಆ ಗಾಡಿಗೆ ಹದಿನೈದು ವರ್ಷ ತುಂಬುತ್ತಾ ಬಂತು. ಆರ್‌ಟಿಒದಲ್ಲಿ ಮತ್ತೆ ಪಾಸು ಮಾಡಿಸಬೇಕು. ಗುಡ್ಡ ಹತ್ತುವಾಗ ಹಿಂದಿನಿಂದ ಕಪ್ಪು ಹೊಗೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ನೋಡಿ, ಮೆಲ್ಲಗೆ ಇಳಿಸಿದ. "ಕಾಕಾ, ಆತಾ ಹಿಲಾ ಸೋಡಾ," ಎಂದ. ಇನ್ನು ಇದನ್ನು ಬಿಡಿ ಎಂದು. ಅವನು ಬಾನೆಟ್ ಇಳಿಸಿದ ರೀತಿ ನೋಡಿಯೇ ಅಪ್ಪನಿಗೆ ಅರ್ಥವಾಗಿತ್ತು.

ಹೀಗೆ ಒಂದು ಭಾನುವಾರ ಸಂಜೆ ಯಾವ ಗಾಡಿ ಎನ್ನುವ ಪ್ರಶ್ನೆ ನಮ್ಮ ಮನೆಯ ಊಟದ ಮೇಜಿಗೆ ಬಂತು. ಟೆಂಪೊ ಬೇಡವೆಂದು ಮೊದಲೇ ಗೊತ್ತಿತ್ತು. ಸೊಸೈಟಿಯೊಳಗೆ ಟೆಂಪೊ ನಿಲ್ಲಿಸಲು ಬಿಡುವುದಿಲ್ಲ. ಕಾರೇ ಆಗಬೇಕು, ಅಕ್ಕನ ಕೈಗೆಟಕುವ ಬೆಲೆಯದಾಗಬೇಕು. ಅಪ್ಪ ಡೀಸೆಲ್ ಎಂದರು. ಒಂಬತ್ತನೆಯ ತರಗತಿಯಲ್ಲಿರುವ ಅಕ್ಕನ ಮಗಳು ಫೋನಿನಿಂದ ತಲೆಯೆತ್ತದೆ, "ಅಜ್ಜ, ಡೀಝೆಲ್ ಆತಾ ಕೋಣ ಘೇತೋ?" ಎಂದಳು. ಡೀಸೆಲ್ ಈಗ ಯಾರು ತೆಗೆದುಕೊಳ್ಳುತ್ತಾರೆ ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. ಅವಳ ಮತ ಹೈಬ್ರಿಡ್‌ಗೆ.

"ಹೈಬ್ರಿಡ್ ಅಂದ್ರೆ ಎಂಥ?" ಎಂದರು ಅಪ್ಪ.

"ಪೆಟ್ರೋಲ್ ಪಣ್, ಬ್ಯಾಟರಿ ಪಣ್. ಟ್ರಾಫಿಕ್ ಮಧ್ಯೇ ಇಂಜಿನ್ ಬಂದ್." ಪೆಟ್ರೋಲೂ ಇದೆ, ಬ್ಯಾಟರಿಯೂ ಇದೆ, ಟ್ರಾಫಿಕ್ಕಿನಲ್ಲಿ ಇಂಜಿನ್ ತಾನೇ ನಿಲ್ಲುತ್ತದೆ ಎಂದು.

"ಶೀಳ್ ಫಾಟಾದಲ್ಲಿ ಇಂಜಿನ್ ಬಂದ್ ಆದ್ರೆ ಮತ್ತೆ ತಳ್ಳುದು ಯಾರು, ನಿನ್ನ ಮಾವನಾ?"

ಮಾವ ಎಂದರೆ ನಾನು. ನಾನು ಕಾಗದ ಪೆನ್ನು ಹಿಡಿದು ಕುಳಿತಿದ್ದೆ. ಅರ್ಥಶಾಸ್ತ್ರ ಪಾಠ ಮಾಡುವವನು ಮನೆಯಲ್ಲಿರುವುದು ಇಂಥ ಹೊತ್ತಿಗೇ ಎಂದು ಅಕ್ಕ ನಂಬಿದ್ದಾಳೆ. ಹೈಬ್ರಿಡ್ ಆ ದಾರಿಗೆ ಹೇಳಿ ಮಾಡಿಸಿದಂತಿತ್ತು, ನಿಂತು ನಿಂತು ಹೋಗುವ ದಾರಿ. ಆದರೆ ಕೊಳ್ಳುವಾಗ ಕೊಡುವ ಹೆಚ್ಚಿನ ಹಣ ಇಂಧನದ ಉಳಿತಾಯದಲ್ಲಿ ತಿರುಗಿ ಬರಲು ಎಷ್ಟೋ ವರ್ಷ ಬೇಕು. ಡೀಸೆಲ್ ಗಾಡಿಯೂ ದುಬಾರಿ. ಮೇಲಾಗಿ ಮುಂದೆ ಅದನ್ನು ಯಾವಾಗ ಯಾವ ಊರಿನಲ್ಲಿ ಬೇಡ ಎನ್ನುತ್ತಾರೋ ಹೇಳಲಾಗದು. ಬರೀ ಪೆಟ್ರೋಲಿನದ್ದಕ್ಕೆ ದಿನದ ಖರ್ಚೇ ಎಲ್ಲಕ್ಕಿಂತ ಹೆಚ್ಚು. ಉಳಿದದ್ದು ಸಿಎನ್‌ಜಿ. ಕಿಲೋಮೀಟರಿಗೆ ತಗಲುವ ಖರ್ಚಿನಲ್ಲಿ ಅದರ ಹತ್ತಿರಕ್ಕೆ ಬೇರೆ ಯಾವುದೂ ಬರುತ್ತಿರಲಿಲ್ಲ. ಕಾರ್ಖಾನೆಯವರು ಊಟದ ದರ ಎರಡು ವರ್ಷದಿಂದ ಏರಿಸಿಲ್ಲ. ಎಣ್ಣೆ, ಬೇಳೆ ಏರಿದೆ. ಅಕ್ಕನ ಕೈಯಲ್ಲಿ ಹಿಡಿತವಿದ್ದದ್ದು ಇಂಧನದ ಖರ್ಚಿನ ಮೇಲೆ ಮಾತ್ರ.

"ಗ್ಯಾಸು ಒಲೆಗೆ," ಎಂದರು ಅಪ್ಪ. "ಗಾಡಿಗೆ ಡೀಸೆಲ್. ಒಂದೇ ಟ್ಯಾಂಕಿನಲ್ಲಿ ಊರು ಮುಟ್ಟಿದ ಗಾಡಿ ಮಾರಾಯ ಅದು. ನೀನೂ ಇದ್ದಿ ಅಲ್ವಾ ಅದರಲ್ಲಿ."

ನಾನೂ ಇದ್ದೆ. ಅಲ್ಲೇ ತೊಂದರೆ.

ನನ್ನ ನೆನಪು ಬೇರೆ. ಆ ಚಳಿಗಾಲದಲ್ಲಿ ನಾವು ಟ್ಯಾಂಕ್ ತುಂಬಿಸಿಕೊಂಡು ಹೊರಟಿರಲೇ ಇಲ್ಲ. ಇಲ್ಲಿಂದ ಊರಿಗೆ ರಸ್ತೆಯಲ್ಲಿ ಹೋಗುವ ನಮ್ಮವರಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಇದೆ. ಹೊರಡುವಾಗ ಗಡಿಯವರೆಗೆ ಸಾಕಾಗುವಷ್ಟೇ ಹಾಕಿಸುವುದು. ಕಾಗಲ್ ದಾಟಿ, ನಿಪ್ಪಾಣಿಯ ಕಡೆ, ಕರ್ನಾಟಕದ ಮೊದಲ ಪಂಪಿನಲ್ಲಿ ಫುಲ್. ಬರುವಾಗ ಗಡಿಗೆ ಮೊದಲಿನ ಕೊನೆಯ ಪಂಪಿನಲ್ಲಿ ಮತ್ತೆ ಫುಲ್. ಆ ಕಡೆ ಅಗ್ಗ ಎನ್ನುವುದು ಲೆಕ್ಕಕ್ಕಿಂತ ಹೆಚ್ಚಾಗಿ ಅಭಿಮಾನದ ವಿಷಯ. ಆ ವರ್ಷ ನಿಜಕ್ಕೂ ಅಗ್ಗವಿತ್ತೋ ಇಲ್ಲವೋ ನಾನು ನೋಡಿಲ್ಲ, ಅಪ್ಪನೂ ನೋಡಿರಲಾರರು. ಕೊಲ್ಹಾಪುರದಲ್ಲೇ ಮುಳ್ಳು ಕೆಂಪಿನಲ್ಲಿತ್ತು. ಅಮ್ಮ ಇಲ್ಲೇ ಸ್ವಲ್ಪ ಹಾಕಿಸಿ ಎಂದರು. ಅಪ್ಪ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಗಾಡಿಯನ್ನು ನಿದ್ದೆ ಹೋದ ಮಗುವಿನ ಹಾಗೆ ಮೆಲ್ಲಗೆ ನಡೆಸಿದರು. "ಇನ್ನೆಷ್ಟು, ಅರ್ಧ ಗಂಟೆ. ಸುಮ್ಮನೆ ಇವರಿಗೆ ಯಾಕೆ ಹೆಚ್ಚು ಕೊಡುದು?" ಅವರು ಇದನ್ನು ತುಳುವಿನಲ್ಲೇ ಹೇಳಿರಬೇಕು. ನನಗೆ ನೆನಪಿರುವುದು ಕನ್ನಡದಲ್ಲಿ.

ಕಾಗಲ್ ದಾಟಿದ ಮೇಲೆ ಇಂಜಿನ್ ಎರಡು ಸಲ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ಆ ಸದ್ದಿಲ್ಲದಿರುವಿಕೆ ನನಗೆ ಈಗಲೂ ಕೇಳಿಸುತ್ತದೆ. ಗಾಡಿ ತನ್ನ ವೇಗದಲ್ಲೇ ಸ್ವಲ್ಪ ದೂರ ಉರುಳಿ ಕಬ್ಬಿನ ಗದ್ದೆಯ ಪಕ್ಕ ನಿಂತಿತು. ಕಬ್ಬು ಹೂ ಬಿಟ್ಟಿತ್ತು. ಸಾವಿರಾರು ಬಿಳಿ ಗರಿಗಳು ಗಾಳಿಗೆ ಒಂದೇ ಕಡೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗುತ್ತಿದ್ದವು. ಎಲ್ಲೋ ಬೆಲ್ಲ ಕಾಯಿಸುವ ವಾಸನೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಬಂತು. ಅದರ ಡ್ರೈವರ್ ಏನೂ ಕೇಳದೆ ಇಳಿದು, ತನ್ನ ಟ್ಯಾಂಕಿಗೆ ಪೈಪು ಬಿಟ್ಟು ಬಾಯಿಂದ ಎಳೆದು ಉಗಿದು, ನಮಗೆ ಡೀಸೆಲ್ ಕೊಟ್ಟ. ಯಾವುದರಲ್ಲಿ ಹಿಡಿದೆವು ಎನ್ನುವುದು ನೆನಪಿಗೆ ಬರುವುದಿಲ್ಲ. ಡೀಸೆಲ್ ಗಾಡಿ ಒಮ್ಮೆ ಪೂರ್ತಿ ಒಣಗಿದರೆ ಮತ್ತೆ ಹಾಕಿದ ಕೂಡಲೇ ಹೊರಡುವುದಿಲ್ಲ. ಕೊಳವೆಯಲ್ಲಿ ಗಾಳಿ ಸೇರಿಕೊಂಡಿರುತ್ತದೆ. ಬಾನೆಟ್ ಕೆಳಗೆ ಒಂದು ರಬ್ಬರಿನ ಉಂಡೆ ಇರುತ್ತದೆ, ಅದನ್ನು ಒತ್ತಿ ಒತ್ತಿ ಗಾಳಿ ಹೊರಹಾಕಬೇಕು. ನಾನು ಒತ್ತಿದೆ. ಮೊದಲು ಮೆತ್ತಗಿತ್ತು, ಒತ್ತುತ್ತಾ ಹೋದಂತೆ ಕಾಯಿಯ ಹಾಗೆ ಗಟ್ಟಿಯಾಯಿತು. ನನ್ನ ಅಂಗೈಗೆ ಅದು ನೆನಪಿದೆ.

ಆದರೆ ಅಂಗೈಯ ಸಾಕ್ಷ್ಯಕ್ಕೆ ಎಷ್ಟು ಬೆಲೆ? ನನ್ನ ಶಾಲೆಯ ಅಂಗಳದಲ್ಲಿ ಒಂದು ಬೇವಿನ ಮರವಿತ್ತು ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಅದರ ಕೆಳಗೆ ಜಾರಿ ಬಿದ್ದ ಗಾಯದ ಗುರುತೂ ಮೊಣಕಾಲಲ್ಲಿದೆ. ಹಳೆಯ ಸಹಪಾಠಿಯೊಬ್ಬ ಕಳಿಸಿದ ಫೋಟೊದಲ್ಲಿ ಅಂಗಳವಿದೆ, ನಾವೆಲ್ಲ ಇದ್ದೇವೆ, ಮರವಿಲ್ಲ. ಓದಿದ ಕಡೆಯೆಲ್ಲ ನನಗೆ ಕಲಿಸಿದ್ದು ಒಂದೇ: ಎದುರಿನವನನ್ನು ಸಂಶಯಿಸು. ನಾನು ಪಾಠವನ್ನು ಸ್ವಲ್ಪ ಹೆಚ್ಚೇ ಕಲಿತು ನನ್ನನ್ನೂ ಸೇರಿಸಿಕೊಂಡೆ.

ಆದರೂ ಆ ಸಂಜೆ, ವಾದ ಗೆಲ್ಲುವ ಉಮೇದಿನಲ್ಲಿ, ನನ್ನ ನೆನಪು ಕಲ್ಲಿನಷ್ಟು ಗಟ್ಟಿ ಎನ್ನುವ ಹಾಗೆ ಎಲ್ಲವನ್ನೂ ಹೇಳಿಬಿಟ್ಟೆ. ಕಾಗಲ್, ಕಬ್ಬಿನ ಹೂವು, ಟ್ರ್ಯಾಕ್ಟರ್, ರಬ್ಬರಿನ ಉಂಡೆ.

ಅಪ್ಪ ತಟ್ಟೆಯಲ್ಲಿ ಬೆರಳು ನಿಲ್ಲಿಸಿ ಕೇಳಿದರು. "ಸುಳ್ಳು," ಎಂದರು. "ಅದು ಬೇರೆ ಯಾರದ್ದೋ ಗಾಡಿ."

"ನೀವು ಎಸಿ ಆಫ್ ಮಾಡಿದ್ದು?"

"ಚಳಿಗಾಲದಲ್ಲಿ ಎಸಿ ಯಾರು ಹಾಕ್ತಾರೆ?"

ನಾನು ಅಕ್ಕನನ್ನು ನೋಡಿದೆ.

"ನನ್ನನ್ನು ಕೇಳ್ಬೇಡ," ಎಂದಳು ಅಕ್ಕ. "ಮಗುವನ್ನು ಮಡಿಲಲ್ಲಿ ಹಾಕ್ಕೊಂಡು ಸಾತಾರಾದಲ್ಲಿ ಕಣ್ಣು ಮುಚ್ಚಿದವಳು ನಾನು, ಬಿಟ್ಟದ್ದು ಬೆಳಗಾವಿಯಲ್ಲಿ."

ಸಾಕ್ಷಿ ಹೇಳಬಹುದಾಗಿದ್ದ ಅಮ್ಮ ಈಗಿಲ್ಲ. ಮಾತು ಅಲ್ಲಿಗೆ ನಿಂತಿತು.

ಮರುವಾರ ಅಕ್ಕ ನಮ್ಮನ್ನೆಲ್ಲ ಕಲ್ಯಾಣದ ಒಂದು ಶೋರೂಮಿಗೆ ಕರೆದುಕೊಂಡು ಹೋದಳು. ಜೊತೆಗೆ ಎರಡು ಖಾಲಿ ಟೋಪುಗಳು, ಅನ್ನದ್ದು ಮತ್ತು ಸಾಂಬಾರಿನದ್ದು. ಗಾಜಿನ ಬಾಗಿಲು ತೆರೆದ ಹುಡುಗಿ ಟೋಪುಗಳನ್ನು ನೋಡಿ ನೀರು ಬೇಕೇ ಎಂದು ಕೇಳಲು ಮರೆತಳು. ಅಕ್ಕನಿಗೆ ಮೈಲೇಜು, ಬಣ್ಣ, ಪರದೆ ಯಾವುದೂ ಬೇಡ. ಡಿಕ್ಕಿ ತೆಗೆಯಿರಿ ಎಂದಳು. ಸಾಂಬಾರಿನ ಟೋಪು ಡಿಕ್ಕಿಯಲ್ಲಿ ಹೇಳಿ ಮಾಡಿಸಿದ ಹಾಗೆ ಕುಳಿತಿತು. ಅನ್ನದ್ದು ಹಿಂದಿನ ಸೀಟಿಗೆ, ಅದರ ಪಕ್ಕ ಚಪಾತಿ, ಕೆಳಗೆ ಮಜ್ಜಿಗೆ, ಪಲ್ಯ ಎಂದು ಅಕ್ಕ ಲೆಕ್ಕ ಹಾಕಿದಳು. ಅಪ್ಪ ಆಗಲೇ ಮುಂದಿನ ಸೀಟಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡಿದ್ದರು. ಹೊಸ ಪ್ಲಾಸ್ಟಿಕ್ಕಿನ ವಾಸನೆಯೊಳಗೆ ಅವರು ಕಣ್ಣು ಮುಚ್ಚಿಕೊಂಡದ್ದು ಗಾಜಿನಾಚೆಯಿಂದ ಕಾಣುತ್ತಿತ್ತು.

"ಏ ಸಿಎನ್‌ಜಿ ಹೈ ನಾ?" ಎಂದು ಅಕ್ಕ ಕೇಳಿದಳು.

"ನಹೀ ಮ್ಯಾಡಮ್, ಏ ಪೆಟ್ರೋಲ್ ಹೈ. ಸಿಎನ್‌ಜಿ ಉಧರ್," ಎಂದು ಸೇಲ್ಸ್‌ಮನ್ ಮೂಲೆಯ ಗಾಡಿ ತೋರಿಸಿದ. ಅದೇ ಗಾಡಿ, ಅದೇ ಬಣ್ಣ. ಡಿಕ್ಕಿ ತೆಗೆದರೆ ಅಡ್ಡಲಾಗಿ ಸಿಲಿಂಡರ್ ಮಲಗಿತ್ತು. ಉಳಿದ ಜಾಗದಲ್ಲಿ ಒಂದು ಕೊಡೆ ಇಡಬಹುದು.

ಇಂಥದ್ದೊಂದು ನನಗೆ ಹೊಳೆದಿರಲಿಲ್ಲ ಎಂದರೆ ನಂಬುವುದು ಕಷ್ಟ. ವಾರವಿಡೀ ನಾನು ಕಿಲೋಮೀಟರು, ಕಿಲೋ, ಲೀಟರುಗಳನ್ನು ಗುಣಿಸಿದ್ದೆ. ಗ್ಯಾಸು ಎಲ್ಲೋ ಒಂದು ಕಡೆ ಇರಬೇಕಾಗುತ್ತದೆ, ಅದಕ್ಕೂ ಒಂದು ಮೈಯಿದೆ ಎನ್ನುವುದನ್ನು ಬಿಟ್ಟಿದ್ದೆ.

ಅಕ್ಕ ಸಾಂಬಾರಿನ ಟೋಪನ್ನು ತಬ್ಬಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಸೀಟಿನಲ್ಲಿ ಜಾಗವಿಲ್ಲ. ಕೊನೆಗೆ ಮುಂದಿನ ಎಡಗಡೆ ಬಾಗಿಲು ತೆರೆದು ಅದನ್ನು ಅಲ್ಲಿ ಇಟ್ಟಳು, ನೋಡೋಣ ಎನ್ನುವ ಹಾಗೆ. ಸರಿಯಾಗಿ ಕುಳಿತಿತು.

"ಬೆಲ್ಟ್ ಲಗಾನಾ ಪಡೇಗಾ ಮ್ಯಾಡಮ್," ಎಂದ ಸೇಲ್ಸ್‌ಮನ್. "ಭರಾ ಹುವಾ ರಹೇಗಾ ತೋ ವಜನ್ ಸೇ ಬೀಪ್ ಬಜೇಗಾ." ತುಂಬಿದ ಟೋಪಿನ ಭಾರಕ್ಕೆ, ಮನುಷ್ಯನೇ ಕುಳಿತನೆಂದು ತಿಳಿದು ಗಾಡಿ ಕೂಗುತ್ತದಂತೆ. ಅವನೇ ಬೆಲ್ಟ್ ಎಳೆದು ಟೋಪಿನ ಹೊಟ್ಟೆಗೆ ಸುತ್ತಿ ಕಟ್ಟಿ ತೋರಿಸಿದ.

ಅಪ್ಪ ಅಷ್ಟರಲ್ಲಿ ಆ ಇನ್ನೊಂದು ಗಾಡಿಯಿಂದ ಇಳಿದು ಬಂದು ನಮ್ಮ ಹಿಂದೆ ನಿಂತಿದ್ದರು. ಬೆಲ್ಟ್ ಕಟ್ಟಿಕೊಂಡ ಟೋಪನ್ನು ಸ್ವಲ್ಪ ಹೊತ್ತು ನೋಡಿದರು. "ಜನ ಒಳ್ಳೆಯದುಂಟು," ಎಂದರು. "ರೇಟ್ ಬೋರ್ಡ್ ಓದುದಿಲ್ಲ, ತಲೆ ತಿನ್ನುದಿಲ್ಲ." ಯಾರೂ ನಗಲಿಲ್ಲ. ನಗಬೇಕೆಂದೇ ಅವರು ಹೇಳಿದ್ದು.

ಅಲ್ಲಿಂದ ಅಕ್ಕ ತಣ್ಣಗಾದಳು. ಸಿಎನ್‌ಜಿಯ ಮಾತೆತ್ತಲಿಲ್ಲ. ಎರಡು ದಿನ ಬಿಟ್ಟು ನನ್ನನ್ನು ಅಡುಗೆ ಕೋಣೆಗೆ ಕರೆದು, ಚಪಾತಿಯ ಹಿಟ್ಟು ನಾದುತ್ತಿದ್ದ ಹೆಂಗಸರಿಗೆ ಕೇಳಿಸದಂತೆ, "ಡೀಸೆಲೇ ತೆಗೊಳ್ತೇನೆ. ಕಂತು ಸ್ವಲ್ಪ ಹೆಚ್ಚಾಗ್ತದೆ, ಆಗ್ಲಿ," ಎಂದಳು.

"ನಡೆಯೋದಿಲ್ಲ ಅಕ್ಕ. ಆರು ತಿಂಗಳಲ್ಲಿ ನೀನು ಊಟ ನಿಲ್ಲಿಸ್ತಿ."

"ಗೊತ್ತುಂಟು."

"ಮತ್ತೆ?"

"ನೀನು ಶನಿವಾರ ಮಾತ್ರ ಬರುವವನು. ಗೇಟಿನ ಹತ್ತಿರ ಆ ಕುರ್ಚಿಯಲ್ಲಿ ಅವರು ಕೂತ್ಕೊಳ್ಳುದು ನಾನು ದಿನಾ ನೋಡ್ತೇನೆ. ಮನೆಯಲ್ಲಿ ಅವರು ಹಾಗೆ ಕೂತದ್ದು ನೋಡಿದ್ದಿಯಾ?"

ನಾನು ನೋಡಿರಲಿಲ್ಲ. ಮನೆಯಲ್ಲಿ ಅಪ್ಪ ಬಾಲ್ಕನಿಯ ಅಂಚಿನಲ್ಲಿ, ಯಾರಾದರೂ ಏಳಿ ಎನ್ನುತ್ತಾರೇನೋ ಎನ್ನುವ ಹಾಗೆ ಕುಳಿತಿರುತ್ತಾರೆ. ಒಂದು ಕಡೆ ಅಕ್ಕನ ಊಟ, ಇನ್ನೊಂದು ಕಡೆ ಅಪ್ಪನ ಸೀಟು. ನನ್ನ ಕಾಗದದಲ್ಲಿ ಎರಡನೆಯದಕ್ಕೆ ಅಂಕಣವೇ ಇರಲಿಲ್ಲ.

ಅಕ್ಕ ಡೀಸೆಲ್ ಗಾಡಿಗೆ ಮುಂಗಡ ಕೊಡಲು ಹೊರಟ ಬೆಳಿಗ್ಗೆ ಅಪ್ಪ ಬಾಲ್ಕನಿಯಿಂದ ಒಳಗೆ ಬಂದರು. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಚಹಾದ ಲೋಟ ಹಿಡಿದಿದ್ದೆ.

"ಅವನು ಹೇಳಿದ್ದು ಸರಿ," ಎಂದರು, ನನ್ನ ಕಡೆ ಗಲ್ಲವೆತ್ತಿ. "ಅವತ್ತು ಡೀಸೆಲ್ ಮುಗಿದಿತ್ತು. ಕಾಗಲ್ ಹತ್ತಿರ. ಗಡಿ ದಾಟಿ ಹಾಕಿಸುವಾಂತ ನಾನೇ ಎಳ್ಕೊಂಡು ಹೋದದ್ದು. ಕಬ್ಬಿನ ಟ್ರ್ಯಾಕ್ಟರಿನವನು ಕೊಟ್ಟ. ಇವ ಆ ರಬ್ಬರು ಒತ್ತಿದ."

ಅಕ್ಕ ಒಂದು ಕಾಲಿನಲ್ಲಿ ನಿಂತೇ ಇದ್ದಳು. "ಮತ್ತೆ ಇಷ್ಟು ವರ್ಷ ಹೇಳಿದ್ದು?"

"ಹೇಳ್ಲಿಕ್ಕೆ ಚೆನ್ನಾಗಿತ್ತು, ಹೇಳಿದೆ. ಹೋಟೆಲಿನವರು ಅಲ್ವಾ ನಾವು, ಸ್ವಲ್ಪ ನೀರು ಸೇರಿಸ್ತೇವೆ." ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಆ ಇಂಜಿನನ್ನು ನಂಬಿ ಡೀಸೆಲ್ ತೆಗೀಬೇಡ. ಗ್ಯಾಸಿನ ಗಾಡಿ ತೆಗೊ. ನನಗೂ ಸಾಕಾಯ್ತು, ಆ ರೋಡಿನ ಗುಂಡಿಯಲ್ಲಿ ಸೊಂಟ ಹೋಗ್ತದೆ."

ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು. ನನ್ನ ನೆನಪು ನಿಜವಾಯಿತು, ನನ್ನ ಲೆಕ್ಕವೂ ಗೆದ್ದಿತು. ಆದರೆ ಅಪ್ಪ ಹೇಳಿದ್ದರಲ್ಲಿ ನಾನೇ ಆ ಸಂಜೆ ಮೇಜಿನ ಮೇಲೆ ಹೇಳದ ಒಂದು ಸಂಗತಿಯೂ ಇರಲಿಲ್ಲ. ಕಾಗಲ್, ಕಬ್ಬು, ಟ್ರ್ಯಾಕ್ಟರ್, ರಬ್ಬರು, ಅದೇ ಅನುಕ್ರಮದಲ್ಲಿ. ಅವರು ನೆನಪಿಸಿಕೊಳ್ಳುತ್ತಿದ್ದರೋ, ನನ್ನ ಮಾತನ್ನು ನನಗೇ ಹಿಂದಿರುಗಿಸುತ್ತಿದ್ದರೋ? ಸೊಂಟದ ಬಗ್ಗೆ ಅವರು ಅಲ್ಲಿಯವರೆಗೆ ಒಮ್ಮೆಯೂ ದೂರಿದವರಲ್ಲ. ಹಾಗಾದರೆ ಅದು ತಪ್ಪೊಪ್ಪಿಗೆಯಲ್ಲ, ಸೀಟು ಬಿಟ್ಟುಕೊಟ್ಟದ್ದು. ಕಬ್ಬಿನ ಹೂವು, ಇಂಜಿನ್ನಿನ ಮೌನ, ಅಂಗೈಯಲ್ಲಿ ಗಟ್ಟಿಯಾಗುವ ಉಂಡೆ, ಎಲ್ಲವೂ ಮತ್ತೆ ಅಲುಗಾಡತೊಡಗಿತು. ಸಾಕ್ಷಿ ಸಿಕ್ಕಿದ ದಿನವೇ ನನ್ನ ನೆನಪು ಅತಿ ದುರ್ಬಲವಾದದ್ದು.

ಅಕ್ಕ ಇನ್ನೊಂದು ಚಪ್ಪಲಿ ಹಾಕಿಕೊಂಡು ಹೋಗಿ ಸಿಎನ್‌ಜಿಗೆ ಮುಂಗಡ ಕೊಟ್ಟು ಬಂದಳು.

ಹಳೆಯ ಗಾಡಿಯನ್ನು ಗುಜರಿಯವರು ಒಯ್ದರು. ಹೊಸ ಗಾಡಿ ಮೊದಲ ಸಲ ಊಟ ಒಯ್ದದ್ದು ಒಂದು ಶನಿವಾರ. ನನಗೆ ಊಟದ ಜೊತೆ ಹೋಗಲು ಜಾಗವಿರಲಿಲ್ಲ. ಲೋಕಲ್ ರೈಲು ಹಿಡಿದು ಥಾಣೆಯಲ್ಲಿ ಬದಲಿಸಿ ರಬಾಳೆಗೆ ಹೋಗಿ ಗೇಟಿನಲ್ಲಿ ಕಾದೆ, ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ವಾಚ್‌ಮನ್ ಕುರ್ಚಿ ನೆರಳಿಗೆ ಎಳೆದಿದ್ದ. ಗಾಡಿ ಬಂತು. ಅವನು ಎಡಗಡೆಯ ಕಿಟಕಿಗೆ ಬಗ್ಗಿ ನೋಡಿ ನೆಟ್ಟಗಾದ.

"ಅಜ್ಜಾರ ಎಲ್ಲ್ಯದಾರ್ರಿ ಅಕ್ಕಾರ? ಅವರ ಜಾಗಾದಾಗ ಸಾಂಬಾರ ಕುಂತೈತಿ."

"ಮನೆಯಲ್ಲಿದ್ದಾರೆ," ಎಂದಳು ಅಕ್ಕ. ಅವಳು ಟೋಪಿನ ಬೆಲ್ಟ್ ಬಿಚ್ಚಿದಳು. ಅವನು ಕುರ್ಚಿಯನ್ನು ಒಳಗೆ ತೆಗೆದುಕೊಂಡು ಹೋಗಲಿಲ್ಲ. ಅದು ಇಡೀ ಊಟದ ಹೊತ್ತು ಖಾಲಿಯಾಗಿ ಅಲ್ಲೇ ಇತ್ತು.

ಸಿಲಿಂಡರ್ ಚಿಕ್ಕದು. ಎರಡು ದಿನಕ್ಕೊಮ್ಮೆ ಗ್ಯಾಸು ತುಂಬಿಸಬೇಕು. ಹಗಲು ಹೊತ್ತಿನಲ್ಲಿ ಪಂಪಿನ ಸಾಲು ರಸ್ತೆಯವರೆಗೆ ಬಂದಿರುತ್ತದೆ, ಒಳಗೆ ಒತ್ತಡ ಕಡಿಮೆಯಾದರೆ ಅರ್ಧವೇ ತುಂಬುತ್ತದೆ. ಹಾಗಾಗಿ ನಸುಕಿನಲ್ಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಅದೇ ಹೊತ್ತಿಗೆ ಅಕ್ಕನಿಗೆ ಅಡುಗೆ. ನನ್ನ ಲೆಕ್ಕದಲ್ಲಿ ಈ ಒಂದು ಗಂಟೆಯೂ ಇರಲಿಲ್ಲ. ಬಿಟ್ಟುಹೋದದ್ದನ್ನು ನಾನೇ ತುಂಬಿಕೊಡಬೇಕಾಯಿತು. ಮೊದಲ ದಿನ ಗಾಡಿಯ ಕೀಲಿಗಾಗಿ ಕತ್ತಲಲ್ಲಿ ತಡವುತ್ತಿದ್ದಾಗ ಅಪ್ಪ ಸ್ವೆಟರು ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

"ಈಗ ಟೋಪು ಇರುದಿಲ್ಲ ಅಲ್ವಾ ಗಾಡಿಯಲ್ಲಿ?"

"ಇಲ್ಲ."

"ಹಾಗಾದ್ರೆ ಆ ಸೀಟು ಖಾಲಿ," ಎಂದು ಲಿಫ್ಟಿನ ಗುಂಡಿ ಒತ್ತಿದರು.

ಅಲ್ಲಿಂದ ಎರಡು ದಿನಕ್ಕೊಮ್ಮೆ ನಾವಿಬ್ಬರೂ ಆ ಸಾಲಿನಲ್ಲಿರುತ್ತೇವೆ. ರಸ್ತೆ ಆಗ ಬೂದು ಬಣ್ಣದ ನೀರಿನ ಹಾಗಿರುತ್ತದೆ. ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಹುಳಿ ಹುಳಿಯಾದ ಒಂದು ವಾಸನೆ ಮಂಜಿನ ಜೊತೆ ಬರುತ್ತದೆ. ಪಕ್ಕದ ಸಾಲಿನಲ್ಲಿ ರಿಕ್ಷಾಗಳು. ಚಾಲಕರು ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಮಲಗಿರುತ್ತಾರೆ, ಸಾಲು ಸರಿದರೆ ಕಣ್ಣು ಬಿಡದೆಯೇ ಇಳಿದು ರಿಕ್ಷಾವನ್ನು ಒಂದು ಹೆಜ್ಜೆ ತಳ್ಳಿ ಮತ್ತೆ ಮಲಗುತ್ತಾರೆ. ಸೈಕಲ್ಲಿನ ಚಹಾದವನು ಬರುತ್ತಾನೆ. ಎದುರಿಗೆ ದರದ ಬೋರ್ಡು ಮಂಜಿನಲ್ಲಿ ತೇಲುತ್ತಿರುತ್ತದೆ. ಅಪ್ಪ ಅದನ್ನು ಓದುತ್ತಾರೆ. ಒಂದು ಗಂಟೆಯಲ್ಲಿ ದರ ಬದಲಾಗುವುದಿಲ್ಲ, ಆದರೂ ಪ್ರತಿಯೊಂದು ಗಾಡಿ ಮುಂದೆ ಸರಿದಾಗ ಇನ್ನೊಮ್ಮೆ. ನಮ್ಮ ಸರದಿ ಬಂದಾಗ, "ಸಬ್ ನೀಚೆ," ಎನ್ನುತ್ತಾನೆ ಪಂಪಿನವನು. ಗ್ಯಾಸು ತುಂಬುವಾಗ ಗಾಡಿಯೊಳಗೆ ಯಾರೂ ಇರುವಂತಿಲ್ಲ. ಅಪ್ಪ ನಿಧಾನಕ್ಕೆ ಇಳಿದು, ಬಾಗಿಲು ಹಿಡಿದುಕೊಂಡು ನಿಲ್ಲುತ್ತಾರೆ. ಪೈಪಿನಲ್ಲಿ ಗ್ಯಾಸು ಉಸಿರೆಳೆದ ಹಾಗೆ ಸದ್ದು ಮಾಡುತ್ತದೆ. ಮುಗಿದ ಮೇಲೆ ಮತ್ತೆ ಹತ್ತಿ ಕುಳಿತು, ಟೋಪಿಗೆ ಕಟ್ಟುವ ಅದೇ ಬೆಲ್ಟನ್ನು ಕಟ್ಟಿಕೊಳ್ಳುತ್ತಾರೆ. ಈಚೆಗೆ ಅದಕ್ಕೆ ಸಾಂಬಾರಿನ ಪರಿಮಳ ಹಿಡಿದಿದೆ.

ಮೊನ್ನೆ ಸಾಲು ಉದ್ದವಿತ್ತು. ನನಗೆ ತಡೆಯಲಾಗಲಿಲ್ಲ. ನಾನು ಆ ಸಂಜೆ ಹೇಳದೆ ಬಿಟ್ಟಿದ್ದದ್ದು, ಹೇಳಲು ನನಗೇ ಗೊತ್ತಿರದಿದ್ದದ್ದು ಒಂದೇ ಒಂದು. ಅಪ್ಪನಿಗೆ ಅದು ಗೊತ್ತಿದ್ದರೆ ಕಾಗಲ್ ನಿಜ.

"ಅಪ್ಪ, ಅವತ್ತು ಆ ಟ್ರ್ಯಾಕ್ಟರಿನವನು ಕೊಟ್ಟ ಡೀಸೆಲನ್ನು ನಾವು ಯಾವುದರಲ್ಲಿ ಹಿಡಿದದ್ದು?"

ಅವರು ಗಾಜಿನಾಚೆ ನೋಡುತ್ತಿದ್ದರು. ನೆನಪು ಮಾಡಿಕೊಳ್ಳುತ್ತಿದ್ದಾರೋ, ಏನಾದರೊಂದು ಹುಡುಕುತ್ತಿದ್ದಾರೋ, ಆ ಬೂದು ಬೆಳಕಿನಲ್ಲಿ ಅವರ ಮುಖದಿಂದ ತಿಳಿಯುವಂತಿರಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ.

"ಎಂಥದರಲ್ಲಿ ಹಿಡಿದರೆ ನಿನಗೇನು ಮಾರಾಯ," ಎಂದರು ಅಪ್ಪ. "ಲೈನ್ ಮುಂದೆ ಹೋಯ್ತು. ಗಾಡಿ ತೆಗಿ."

ನಾನು ಗಾಡಿಯನ್ನು ಒಂದು ಗಾಡಿಯಷ್ಟು ಮುಂದೆ ತೆಗೆದುಕೊಂಡು ಹೋಗಿ ನಿಲ್ಲಿಸಿದೆ. ಅಪ್ಪ ಬೋರ್ಡು ಓದಲು ಸುರುಮಾಡಿದರು.